ಮಳೆ ನಿಂತ ಮೇಲೆ ಮಬ್ಬಾದ ಚಿತ್ರಗಳು: ಕ್ಯಾಮೆರಾ ಕೆಟ್ಟಿದೆಯೇ, ನೀರು ಕೂತಿದೆಯೇ?

ಕಳೆದ ಹಿಂಗಾರಿನಲ್ಲಿ, ರಾತ್ರಿಯೆಲ್ಲ ಚಿತ್ತೆ ಮಳೆ ಹೊಡೆದು ಬೆಳಿಗ್ಗೆ ಹೊಳವಾದ ದಿನ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ತೆಗೆದ 43 ಚಿತ್ರಗಳಲ್ಲಿ ಒಂದೂ ಕೈಗೆ ಹತ್ತಲಿಲ್ಲ. ಗುಡ್ಡದ ಸಂದುಗಳಿಂದ ವರ್ಷದಲ್ಲಿ ಕೆಲವೇ ದಿನ ಹುಟ್ಟುವ ಝರಿಗಳು ಇಳಿಯುತ್ತಿದ್ದವು. ಕೆರೆಯ ನೀರು ಕೆಂಪಾಗಿತ್ತು, ಬಂಡೆಗಳು ತೊಯ್ದು ಆನೆಯ ಬಣ್ಣಕ್ಕೆ ತಿರುಗಿದ್ದವು. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದರೆ ಪ್ರತಿ ಚಿತ್ರದ ನಡುಮಧ್ಯೆ ಮಜ್ಜಿಗೆ ಚೆಲ್ಲಿದಂತೆ ಬಿಳಿ ಮಬ್ಬು. ಅಂಚುಗಳು ಮಾತ್ರ ಚೊಕ್ಕವಾಗಿದ್ದವು.

ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿದ್ದವರು ಲೆನ್ಸನ್ನು ಬೆಳಕಿಗೂ ಹಿಡಿಯದೆ, ಮಳೆಗಾಲವಲ್ಲವೇ, ಫಂಗಸ್ ಬಂದಿರುತ್ತದೆ, ಬಿಚ್ಚಿ ತೊಳೆಯಬೇಕು ಎಂದರು. ಅವರು ಹೇಳಿದ ಮೊತ್ತಕ್ಕೆ ಹಳೆಯ ಲೆನ್ಸೊಂದು ಬರುತ್ತಿತ್ತು. ಯೋಚಿಸಿ ಹೇಳುತ್ತೇನೆಂದು ವಾಪಸು ಬಂದು, ರಾತ್ರಿ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಒಂದೊಂದೇ ಭಾಗ ಕಳಚುತ್ತ ಹೋದೆ. ಮುಂದಿನ ರಕ್ಷಣಾ ಫಿಲ್ಟರ್ ತಿರುಚಿ ತೆಗೆದಾಗ ಅದರ ಒಳಮೈಯಲ್ಲಿ, ನಾಣ್ಯದಷ್ಟು ಅಗಲಕ್ಕೆ, ತೇವ ಒಣಗಿ ಬಿಟ್ಟ ಗುರುತು ಕಂಡಿತು. ಲೆನ್ಸಿನ ಗಾಜಿನ ಮೇಲೆ ಏನೂ ಇರಲಿಲ್ಲ. ಬೆಳಿಗ್ಗೆ ಚಹಾದಂಗಡಿಯ ಸೂರಿನಡಿ ನಿಂತು ಫಿಲ್ಟರ್ ಒರೆಸಿ, ಒದ್ದೆ ಕೈಯಲ್ಲೇ ಮತ್ತೆ ತಿರುಪಿದ್ದು ಆಗ ನೆನಪಾಯಿತು. ಒಳಗೆ ಸಿಕ್ಕಿಕೊಂಡ ಹನಿ ಬಿಸಿಲು ತಾಗಿದೊಡನೆ ಆವಿಯಾಗಿ, ಗಾಳಿಗೆ ತಣ್ಣಗಾಗಿದ್ದ ಫಿಲ್ಟರ್ ಗಾಜಿಗೆ ಮಂಜಾಗಿ ಅಂಟಿಕೊಂಡಿತ್ತು. ಲೋಹದ ಬಳೆಯ ಬಿಸಿಗೆ ಅಂಚಿನಲ್ಲಿ ಮಂಜು ಬೇಗ ಕರಗಿತ್ತು, ನಡುವೆ ಉಳಿದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದರಿಂದ ಲೆನ್ಸು ಕೂದಲೆಳೆಯಲ್ಲಿ ಪಾರಾಯಿತು.

ಮಲೆನಾಡಿನವರಿಗೆ ಇಂಥ ಬೆಳಿಗ್ಗೆ ಹೋದರೆ ಹೋಯಿತು, ನಾಳೆ ಇನ್ನೊಂದು ಬರುತ್ತದೆ. ನಮ್ಮದು ಮಳೆನೆರಳಿನ ಸೀಮೆ. ಜೋಗಿಮಟ್ಟಿಯ ತಪ್ಪಲಿನ ಹಳ್ಳಗಳು ಮಳೆ ನಿಂತ ಕೆಲವು ಗಂಟೆಗಳಲ್ಲಿ ಮತ್ತೆ ಕಲ್ಲಿನ ದಾರಿಯಾಗುತ್ತವೆ. ಚಿತ್ರದುರ್ಗದ ಕೋಟೆಯ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡದತ್ತ ನೀರು ಇಳಿಯುವುದನ್ನು ನೋಡಬೇಕಾದರೆ ಒಳ್ಳೆಯ ಮಳೆಗಾಗಿ ಕಾಯಬೇಕು. ಆದ್ದರಿಂದ ದೋಷ ಎಲ್ಲಿದೆ ಎಂಬುದು ಮನೆಗೆ ಬಂದ ಮೇಲಲ್ಲ, ನೀರಿನ ಬದಿಯಲ್ಲಿ ನಿಂತಾಗಲೇ ಗೊತ್ತಾಗಬೇಕು.

ಮೊದಲು ಕೇಳಬೇಕಾದ ಮೂರು ಪ್ರಶ್ನೆ

ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಕಲೆಯೋ ಮಬ್ಬೋ ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿದೆಯೇ? ದ್ಯುತಿರಂಧ್ರವನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯ ಎಫ್ ಸಂಖ್ಯೆಯನ್ನು (ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು), 4ರಿಂದ 16ಕ್ಕೆ ಬದಲಿಸಿದರೆ ಅದರ ರೂಪ ಬದಲಾಗುತ್ತದೆಯೇ? ಲೆನ್ಸ್ ಬದಲಿಸಿದರೆ ಹೋಗುತ್ತದೆಯೇ?

ಜಾಗ ಬದಲಿಸದೆ, ಎಫ್ 16ರಲ್ಲಿ ಇನ್ನಷ್ಟು ಸ್ಪಷ್ಟವಾಗಿ, ಬೇರೆ ಲೆನ್ಸಿನಲ್ಲೂ ಹಾಗೆಯೇ ಉಳಿದರೆ ಕಾಯಿಲೆ ಸೆನ್ಸರಿನದು, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕದ್ದು. ಲೆನ್ಸಿನೊಂದಿಗೆ ಹೋದರೆ ಗಾಜಿನದು. ಚಿತ್ರದಿಂದ ಚಿತ್ರಕ್ಕೆ ಓಡಾಡಿದರೆ ಅದು ಹೊರಗಿನ ಹನಿ. ಈ ಮೂರಕ್ಕೂ ಸಿಗದೆ ಇಡೀ ಚಿತ್ರವೇ ಸಪ್ಪೆಯಾಗಿದ್ದರೆ, ದೋಷ ಬೆಳಕಿನಲ್ಲೋ ಸೆಟ್ಟಿಂಗಿನಲ್ಲೋ ಇದೆ, ಕ್ಯಾಮೆರಾವನ್ನು ಬಯ್ಯಬೇಡಿ. ನನ್ನ ಚಂದ್ರವಳ್ಳಿಯ ಮಬ್ಬಿಗೆ ಇನ್ನೊಂದು ಸುಳಿವೂ ಇತ್ತು, ನಾನೇ ಗಮನಿಸಿರಲಿಲ್ಲ: ಅಗಲ ಕೋನದ ಚಿತ್ರಗಳಲ್ಲಿ ಮಬ್ಬು ನಡುವೆ ಮಾತ್ರ ಇತ್ತು, ಜೂಮ್ ಮಾಡಿದವುಗಳಲ್ಲಿ ಇಡೀ ಚೌಕಟ್ಟಿಗೆ ಹರಡಿತ್ತು. ಹೀಗಾದರೆ ತೇವ ತೀರಾ ಮುಂದಿನ ಗಾಜಿನ ಬಳಿಯಿದೆ ಎಂದೇ ಅರ್ಥ. ಅಗಲ ಕೋನದಲ್ಲಿ ಚಿತ್ರದ ಒಂದೊಂದು ಭಾಗದ ಬೆಳಕು ಮುಂಗಾಜಿನ ಒಂದೊಂದು ತುಣುಕಿನ ಮೂಲಕ ಬರುತ್ತದೆ. ಜೂಮ್‌ನಲ್ಲಿ ಎಲ್ಲ ಬೆಳಕೂ ಹೆಚ್ಚುಕಡಿಮೆ ಒಂದೇ ಜಾಗದಿಂದ ಹಾಯುತ್ತದೆ.

ಮಬ್ಬು: ಮೂರು ಮನೆ, ಮೂರು ಮದ್ದು

ಹೊರಗಿನ ಗಾಜಿನ ಮಂಜು ಎಲ್ಲಕ್ಕಿಂತ ಸಾಮಾನ್ಯ, ಎಲ್ಲಕ್ಕಿಂತ ನಿರಪಾಯ. ಗಾಜಿನ ತಾಪ ಸುತ್ತಲ ಗಾಳಿಯ ಇಬ್ಬನಿ ಬಿಂದುವಿಗಿಂತ ಕೆಳಗಿದ್ದರೆ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ದಾವಣಗೆರೆಯಿಂದ ಎಸಿ ಹಾಕಿದ ಕಾರಿನಲ್ಲಿ ಕೊಂಡಜ್ಜಿ ಕೆರೆಗೆ ಹೋಗಿ, ಮಳೆ ನಿಂತ ಹಬೆಯ ಗಾಳಿಗೆ ಕ್ಯಾಮೆರಾ ತೆಗೆದರೆ ಮೊದಲ 10-15 ನಿಮಿಷ ಚಿತ್ರ ತೆಗೆಯುವ ಮಾತೇ ಇಲ್ಲ. ಒರೆಸಿದರೆ ಮತ್ತೆ ಕೂರುತ್ತದೆ, ಏಕೆಂದರೆ ಒರೆಸಿದ್ದು ನೀರನ್ನು, ತಣ್ಣಗಿರುವುದು ಗಾಜು. ತಲುಪುವ ಕಾಲು ಗಂಟೆ ಮೊದಲೇ ಎಸಿ ನಿಲ್ಲಿಸಿ ಕಿಟಕಿ ಇಳಿಸಿ. ಆಗದಿದ್ದರೆ ಚೀಲದ ಜಿಪ್ ಮುಚ್ಚಿಟ್ಟೇ ಹೊರಗಿಡಿ. ಕ್ಯಾಮೆರಾ ಒಳಗೊಳಗೇ ಬೆಚ್ಚಗಾಗಲಿ, ಹೊರಗಿನ ತೇವ ನೇರವಾಗಿ ತಾಗದಿರಲಿ. ಬೈಕಿನಲ್ಲಿ ಹೋಗುವವರಿಗೆ ಈ ಕಷ್ಟವಿಲ್ಲ, ಅವರಿಗೆ ಬೇರೆ ಕಷ್ಟಗಳಿವೆ.

ಫಿಲ್ಟರ್ ಮತ್ತು ಲೆನ್ಸ್ ನಡುವಿನ ಮಂಜು ನನ್ನದು. ಪರೀಕ್ಷೆ ಸುಲಭ: ಫಿಲ್ಟರ್ ತೆಗೆದು ಒಂದು ಚಿತ್ರ, ಹಾಕಿ ಒಂದು ಚಿತ್ರ. ವ್ಯತ್ಯಾಸ ಕಂಡರೆ ಅಲ್ಲಿಗೆ ಕಥೆ ಮುಗಿಯಿತು. ಮಳೆಯಲ್ಲಿ ರಕ್ಷಣಾ ಫಿಲ್ಟರ್ ಬೇಕೇ ಬೇಡವೇ ಎಂಬ ವಾದ ಛಾಯಾಗ್ರಾಹಕರಲ್ಲಿ ಎಂದೂ ಬಗೆಹರಿಯದು. ನನ್ನ ಮಟ್ಟಿಗೆ, ಮಳೆಯಲ್ಲಿ ಫಿಲ್ಟರಿಗಿಂತ ಉದ್ದನೆಯ ಲೆನ್ಸ್ ಹುಡ್, ಅಂದರೆ ಲೆನ್ಸಿನ ಮುಂದಿನ ಮರೆಕೊಳವೆ, ಮೇಲು. ಫಿಲ್ಟರ್ ಹಾಕಲೇಬೇಕಿದ್ದರೆ ಮನೆಯಲ್ಲೇ, ಒಣ ಕೋಣೆಯಲ್ಲೇ ಹಾಕಿ, ಹಳ್ಳದ ಬದಿಯಲ್ಲಿ ಅದನ್ನು ಬಿಚ್ಚಬೇಡಿ.

ಮೂರನೆಯದು ಲೆನ್ಸಿನ ಒಳಗಿನ ಮಬ್ಬು, ಇದಕ್ಕೆ ಹೆದರಬೇಕು. ಜೂಮ್ ಮಾಡಿದಾಗ ಕೊಳವೆ ಉದ್ದವಾಗುವ ಲೆನ್ಸುಗಳು ಕಮ್ಮಾರನ ತಿದಿಯಂತೆ ಗಾಳಿ ಎಳೆದುಕೊಳ್ಳುತ್ತವೆ, ಬಿಡುತ್ತವೆ. ಜಡಿಮಳೆಯಲ್ಲಿ 50 ಸಲ ಜೂಮ್ ಮಾಡಿದರೆ ಆ ತೇವದ ಗಾಳಿಯನ್ನು 50 ಸಲ ಒಳಕ್ಕೆ ಕರೆದಂತೆ. ಕೊಳವೆಯ ಮೇಲೆ ಹನಿಗಳಿರುವಾಗಲೇ ಅದನ್ನು ಒಳಕ್ಕೆಳೆದರಂತೂ ನೀರು ನೇರವಾಗಿ ಒಳಮನೆ ಸೇರುತ್ತದೆ. ಮೊದಲು ಒರೆಸಿ, ಆಮೇಲೆ ಜೂಮ್ ಹಿಂತೆಗೆಯಿರಿ. ಒಳಗೆ ಮಂಜು ಕಟ್ಟಿದೆಯೇ ಎಂದು ತಿಳಿಯಲು ಲೆನ್ಸನ್ನು ಬಿಚ್ಚಿ, ದ್ಯುತಿರಂಧ್ರವನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಸಮವಾಗಿ ಹರಡಿದ ಹೊಗೆಯಂಥ ಮಬ್ಬಾದರೆ ತೇವ. ಅಂಚಿನಿಂದ ಹೊರಟು ಬೇರಿನಂತೆ, ಜೇಡನ ಬಲೆಯಂತೆ ಕವಲೊಡೆದ ಎಳೆಗಳಾದರೆ ಫಂಗಸ್. ಅಲ್ಲಲ್ಲಿ ನಾಲ್ಕಾರು ಚುಕ್ಕಿಗಳಾದರೆ ದೂಳು, ಅದು ಚಿತ್ರದಲ್ಲಿ ಕಾಣುವುದೂ ಇಲ್ಲ, ಬಿಟ್ಟುಬಿಡಿ. ರಿಪೇರಿ ಅಂಗಡಿಗೆ ಹೋಗುವ ಮೊದಲು ಈ ಟಾರ್ಚ್ ಪರೀಕ್ಷೆಯನ್ನು ನೀವೇ ಮಾಡಿಕೊಂಡು ಹೋದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ತೇವವಾದರೆ ಗಾಳಿಯಾಡದ ಡಬ್ಬಿಯಲ್ಲಿ ಸಾಕಷ್ಟು ಸಿಲಿಕಾ ಜೆಲ್ ಜತೆ ಎರಡು ಮೂರು ದಿನ ಇಡಿ. ಹೇರ್ ಡ್ರೈಯರ್ ಬೇಡ. ಬಿಸಿಗಾಳಿಗೆ ಒಳಗಿನ ಜಿಡ್ಡು ಕರಗಿ ದ್ಯುತಿರಂಧ್ರದ ರೆಕ್ಕೆಗಳಿಗೆ ಹರಿಯಬಹುದು, ತೇವ ಇನ್ನೂ ಆಳದ ಗಾಜಿಗೆ ಸರಿಯಬಹುದು. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಉಪಾಯವನ್ನು ಯಾರೇ ಹೇಳಲಿ, ಕೇಳಬೇಡಿ. ಅಕ್ಕಿ ತೇವ ಹೀರುವುದು ಅಷ್ಟಕ್ಕಷ್ಟೇ, ಅದರ ಹಿಟ್ಟಿನ ದೂಳು ಮಾತ್ರ ಕ್ಯಾಮೆರಾದ ಸಂದುಸಂದಿಗೂ ಸೇರುತ್ತದೆ. ಸಿಲಿಕಾ ಜೆಲ್‌ನಲ್ಲಿ ನೀಲಿ ಬಣ್ಣದ್ದು ತೇವ ತುಂಬಿದಾಗ ಗುಲಾಬಿಯಾಗುತ್ತದೆ, ಕಿತ್ತಳೆ ಬಣ್ಣದ್ದು ಹಸಿರಾಗುತ್ತದೆ. ನೀಲಿಯಲ್ಲಿರುವ ಕೋಬಾಲ್ಟ್ ಉಪ್ಪು ವಿಷ, ಆದ್ದರಿಂದ ನಾನು ಕಿತ್ತಳೆಯದನ್ನೇ ತರುತ್ತೇನೆ. ಕಾಯಿಸಿ ಒಣಗಿಸಿ ಮತ್ತೆ ಬಳಸಬಹುದು, ಅಡುಗೆಗೆ ಬಳಸದ ಪಾತ್ರೆಯಲ್ಲಿ. ಡಬ್ಬಿಯೊಳಗೆ ಒಂದು ಅಗ್ಗದ ತೇವಮಾಪಕ ಇರಲಿ: ಶೇಕಡಾ 40ರಿಂದ 50ರ ನಡುವೆ ನಿಂತರೆ ಒಳ್ಳೆಯದು. 60 ದಾಟಿ ದಿನಗಟ್ಟಲೆ ಉಳಿದರೆ ಫಂಗಸ್ಸಿಗೆ ಮನೆ ಬಾಡಿಗೆಗೆ ಕೊಟ್ಟಂತೆ.

ಚುಕ್ಕಿಗಳು, ಉಂಡೆಗಳು

1907ರಲ್ಲಿ ಕಟ್ಟಿ ಮುಗಿಸಿದ ಹಿರಿಯೂರಿನ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಅಣೆಕಟ್ಟು, 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಅಜ್ಜನ ಕಾಲದಲ್ಲಿ ನಡೆದದ್ದನ್ನು ಕಣ್ಣಾರೆ ಕಾಣಲು ಜಿಲ್ಲೆಗೆ ಜಿಲ್ಲೆಯೇ ಮಾರಿಕಣಿವೆಗೆ ಹರಿದಾಗ ನಾನೂ ಹೋಗಿದ್ದೆ. ನೀರನ್ನು ರೇಷ್ಮೆಯಂತೆ ತೋರಿಸುವ ಆಸೆಗೆ ಎಫ್ 22ಕ್ಕೆ ಮುಚ್ಚಿ ದೀರ್ಘ ಒಡ್ಡಿಕೆ ಕೊಟ್ಟೆ, ಅಂದರೆ ಷಟರನ್ನು ಹೆಚ್ಚು ಹೊತ್ತು ತೆರೆದಿಟ್ಟೆ. ಆಕಾಶದ ತುಂಬ ಕರಿಚುಕ್ಕಿ, ಹದ್ದುಗಳ ಹಿಂಡು ಹಾರುತ್ತಿದ್ದಂತೆ.

ಅದು ಸೆನ್ಸರಿನ ದೂಳು. ಎಫ್ 5.6ರಲ್ಲಿ ಅದರ ನೆರಳು ಹರಡಿ ಕಾಣದಾಗುತ್ತದೆ, ಎಫ್ 16 ದಾಟಿದರೆ ಮೊನಚಾಗುತ್ತದೆ. ಮಳೆಗೆ ಹೊರಡುವ ಹಿಂದಿನ ದಿನ ಎಫ್ 22ರಲ್ಲಿ, ಫೋಕಸ್ ತಪ್ಪಿಸಿ, ಬಿಳಿ ಗೋಡೆಯದೊಂದು ಚಿತ್ರ ತೆಗೆದುಕೊಳ್ಳಿ. ಚುಕ್ಕಿ ಚಿತ್ರದ ಮೇಲ್ಭಾಗದಲ್ಲಿದ್ದರೆ, ಕ್ಯಾಮೆರಾವನ್ನು ನಿಮ್ಮ ಕಡೆಗೆ ತಿರುಗಿಸಿ ನೋಡುವಾಗ ಸೆನ್ಸರಿನ ಕೆಳಭಾಗದಲ್ಲಿರುತ್ತದೆ, ಎಡಬಲ ಮಾತ್ರ ಬದಲಾಗುವುದಿಲ್ಲ. ಕೈಯಿಂದ ಒತ್ತುವ ರಬ್ಬರ್ ಬುರುಡೆಯಿಂದ, ಕ್ಯಾಮೆರಾದ ಬಾಯಿಯನ್ನು ಕೆಳಮುಖ ಮಾಡಿ ಊದಿ. ಬಾಯಿಯಿಂದ ಊದಿದರೆ ಎಂಜಲಿನ ಹನಿಗಳು ಹೊಸ ಚುಕ್ಕಿಗಳಾಗುತ್ತವೆ. ಎಫ್ 22ರಲ್ಲಿ ಬೆಳಕಿನ ವಿವರ್ತನೆಯಿಂದ, ಅಂದರೆ ಕಿರಿದಾದ ಕಿಂಡಿಯಲ್ಲಿ ಬೆಳಕು ಬಾಗಿ ಹರಡುವುದರಿಂದ, ಇಡೀ ಚಿತ್ರವೂ ಸ್ವಲ್ಪ ಮೃದುವಾಗುತ್ತದೆ, ಆದ್ದರಿಂದ ನಿಧಾನ ಷಟರ್ ಬೇಕಿದ್ದರೆ ಎಫ್ 11ರಲ್ಲೇ ನಿಂತು ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕುವುದು ಜಾಣತನ.

ಮುಂಗಾಜಿನ ಮೇಲೆ ಕೂತ ಮಳೆಹನಿಯ ಗುರುತು ಬೇರೆ. ಅದು ಕಪ್ಪು ಚುಕ್ಕಿಯಲ್ಲ, ಕರಗಿದ ಮೇಣದಂತೆ ಒಂದು ಕಡೆ ಚಿತ್ರವೇ ಕದಡಿರುತ್ತದೆ. ಒಣ ಮೈಕ್ರೊಫೈಬರ್ ಬಟ್ಟೆ ಮೂರಾದರೂ ಜೇಬಿನಲ್ಲಿರಲಿ, ಒಂದು ತೊಯ್ದ ಮೇಲೆ ಅದು ಬಟ್ಟೆಯಲ್ಲ, ನೀರು ಹಚ್ಚುವ ಕುಂಚ.

ಇನ್ನು, ಸಂಜೆಯ ಉದ್ಯಾನದಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಚಿತ್ರದಲ್ಲಿ ತೇಲುವ ಬಿಳಿ ಉಂಡೆಗಳು. ಪರಿಚಯದವರೊಬ್ಬರು ಇದನ್ನು ಕೋಟೆಯ ಹಳೆಯ ಆತ್ಮಗಳೆಂದು ಎಲ್ಲರಿಗೂ ಕಳುಹಿಸಿದ್ದರು. ಒನಕೆ ಓಬವ್ವನಿಗೆ ಬೇರೆ ಕೆಲಸವಿದೆ. ಲೆನ್ಸಿನ ಹತ್ತಿರವೇ ಬೀಳುತ್ತಿದ್ದ ಹನಿಗಳು ಫ್ಲ್ಯಾಶಿನ ಬೆಳಕಿಗೆ ಹೊಳೆದು, ಫೋಕಸ್ ಇಲ್ಲದ್ದರಿಂದ ಉಂಡೆಯಾಗಿವೆ. ಫ್ಲ್ಯಾಶ್ ಆರಿಸಿ.

ಅಲುಗಿದ ಚಿತ್ರ

ಮೊದಲು ಬಂಡೆಯನ್ನು ನೋಡಿ, ಆಮೇಲೆ ಎಲೆಯನ್ನು. ಬಂಡೆ ಚೂಪಾಗಿದ್ದು ಎಲೆ ಕಲಸಿದ್ದರೆ ಗಾಳಿ. ಬಂಡೆಯೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಟ್ರೈಪಾಡ್ ಅಥವಾ ಕೈ ಅಲುಗಿದೆ. ಹತ್ತಿರದ ಹುಲ್ಲು ಚೂಪಾಗಿ ಬಂಡೆ ಮಸುಕಾದರೆ ಫೋಕಸ್ ಬೇರೆಡೆ ಕೂತಿದೆ. ಮಳೆಯಲ್ಲಿ ಆಟೊಫೋಕಸ್ ಆಗಾಗ ಮುಂದಿನ ಹನಿಗಳನ್ನೇ ಹಿಡಿಯಲು ಹೋಗಿ ಹಿಂದೆ ಮುಂದೆ ತಡಕಾಡುತ್ತದೆ. ಆಗ ಪರದೆಯಲ್ಲಿ ದೊಡ್ಡದು ಮಾಡಿಕೊಂಡು ಕೈಯಿಂದಲೇ ಫೋಕಸ್ ಮಾಡುವುದು ಬೇಗದ ದಾರಿ.

ದಾವಣಗೆರೆ ಕಡೆಯ ಎರೆಮಣ್ಣಿನಲ್ಲಿ ಟ್ರೈಪಾಡಿನದು ವಿಚಿತ್ರ ಸಮಸ್ಯೆ. ಮಳೆ ಬಿದ್ದ ಎರೆ, ಬೆಣ್ಣೆಯಂತೆ. ಕಾಲು ಊರಿದಾಗ ಗಟ್ಟಿ ನಿಂತಂತೆ ಕಾಣುತ್ತದೆ. ಎರಡು ಸೆಕೆಂಡಿನ ಒಡ್ಡಿಕೆಯಲ್ಲಿ ಕೂದಲಿನಷ್ಟು ಇಳಿಯುತ್ತದೆ, ಚಿತ್ರದ ಎಲ್ಲ ಗೆರೆಗಳೂ ಲಂಬವಾಗಿ ಎರಡೆರಡಾಗುತ್ತವೆ. ಸೂಳೆಕೆರೆಯ ಕೆಳಗೆ ಹರಿದ್ರಾ ಹಳ್ಳದ ದಂಡೆಯಲ್ಲಿ ಇದನ್ನು ಕಂಡುಹಿಡಿಯಲು ನನಗೆ ಅರ್ಧ ದಿನ ಹಿಡಿಯಿತು. ಲೆನ್ಸ್ ಮೇಲೆ, ಕೈಯ ಮೇಲೆ, ಷಟರ್ ಮೇಲೆ ಅನುಮಾನ ಪಟ್ಟು ಕೊನೆಗೆ ನೆಲದ ಕಡೆ ನೋಡಿದೆ. ಮೂರು ಕಾಲಿನಡಿಗೂ ಒಂದೊಂದು ಚಪ್ಪಟೆ ಕಲ್ಲಿಟ್ಟ ಮೇಲೆ ಸರಿಹೋಯಿತು. ಗಾಳಿ ಜೋರಾಗಿದ್ದರೆ ನಡುಗಂಬ ಎತ್ತಬೇಡಿ. ಭಾರಕ್ಕೆಂದು ಚೀಲ ತೂಗುಹಾಕುವವರು ಅದು ನೆಲಕ್ಕೆ ತಾಗುವಂತೆ ತೂಗುಹಾಕಲಿ, ಇಲ್ಲದಿದ್ದರೆ ಚೀಲವೇ ಗಡಿಯಾರದ ಲೋಲಕವಾಗಿ ಕ್ಯಾಮೆರಾವನ್ನು ತೂಗುತ್ತದೆ. ಎರಡು ಸೆಕೆಂಡಿನ ಟೈಮರ್ ಹಾಕಿ. ಹಳೆಯ ಲೆನ್ಸುಗಳಲ್ಲಿ ಟ್ರೈಪಾಡಿನ ಮೇಲೆ ಕಂಪನ ನಿವಾರಕ ಚಾಲೂ ಇದ್ದರೆ ಅದೇ ಕಂಪನ ಹುಟ್ಟಿಸಬಹುದು, ಆರಿಸಿ ನೋಡಿ.

ನೀರೇ ಸರಿಯಿಲ್ಲ ಎನಿಸಿದಾಗ

ಇದು ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡ ದೋಷ. ಕಣ್ಣಿಗೆ ಕಂಡ ಕೆನ್ನೀರು ಚಿತ್ರದಲ್ಲಿ ಸಿಮೆಂಟು ಕಲಸಿದ ನೀರಾಗುತ್ತದೆ. ಲೆನ್ಸಿನಲ್ಲಿ ಏನೂ ಇಲ್ಲ, ಸೆನ್ಸರಿನಲ್ಲಿ ಏನೂ ಇಲ್ಲ. ಕಳ್ಳ ಆಟೊ ವೈಟ್ ಬ್ಯಾಲೆನ್ಸ್, ಬೆಳಕಿನ ಬಣ್ಣವನ್ನು ಕ್ಯಾಮೆರಾ ತಾನೇ ಸರಿದೂಗಿಸುವ ಸೆಟ್ಟಿಂಗ್. ಚೌಕಟ್ಟಿನ ಮುಕ್ಕಾಲು ಪಾಲು ಕೆಂಗಂದು ಬಣ್ಣವಿದ್ದರೆ, ಇದು ದೀಪದ ಬಣ್ಣವಿರಬೇಕು, ತೆಗೆದುಹಾಕೋಣ ಎಂದು ಕ್ಯಾಮೆರಾ ತಾನೇ ತೀರ್ಮಾನಿಸಿ ನೀಲಿ ಸುರಿಯುತ್ತದೆ. ಪರೀಕ್ಷೆ ಹೀಗೆ: ನೀರನ್ನೇ ತುಂಬಿಕೊಂಡ ಒಂದು ಚಿತ್ರ, ಅದೇ ಜಾಗದಿಂದ ಹಸಿರು ಗಿಡವೂ ಆಕಾಶವೂ ಇರುವ ಇನ್ನೊಂದು ಚಿತ್ರ. ಎರಡರಲ್ಲಿ ನೀರಿನ ಬಣ್ಣ ಬೇರೆಬೇರೆ ಬಂದರೆ ಕಳ್ಳ ಸಿಕ್ಕ. ಡೇಲೈಟ್ ಅಥವಾ ಕ್ಲೌಡಿ ಎಂದು ಕಟ್ಟಿಹಾಕಿ, ಇಲ್ಲವೇ 5500ರಿಂದ 6500 ಕೆಲ್ವಿನ್ ನಡುವೆ ಒಂದು ಸಂಖ್ಯೆ ಹಿಡಿದು ಬಿಡಬೇಡಿ. ಕ್ಯಾಮೆರಾ ತಿದ್ದದೆ ಹಾಗೆಯೇ ಉಳಿಸಿದ ರಾ ಕಡತವಿದ್ದರೆ ಮನೆಯಲ್ಲಿ ತಿದ್ದಬಹುದು. ಆದರೆ ತಿದ್ದುವ ಹೊತ್ತಿಗೆ ನಿಜವಾದ ಬಣ್ಣ ಯಾವುದಾಗಿತ್ತೆಂದು ಮರೆತಿರುತ್ತದೆ. ನಾನು ಹಳ್ಳದ ನೀರಿನ ಪಕ್ಕ ಒಂದು ಬಿಳಿ ಕಾಗದ ಹಿಡಿದು ಒಂದು ಚಿತ್ರ ತೆಗೆದಿಡುತ್ತೇನೆ. ನೋಡುವವರಿಗೆ ಹುಚ್ಚನಂತೆ ಕಾಣುತ್ತೇನೆ ಎಂಬುದೂ ಗೊತ್ತಿದೆ.

ಎರಡನೆಯ ದೋಷ ಹಾಲುಚಹಾದ್ದು. ಪುಸ್ತಕಗಳಲ್ಲಿ ಝರಿಗೆ ಎರಡು ಸೆಕೆಂಡು, ನಾಲ್ಕು ಸೆಕೆಂಡು ಎಂದಿರುತ್ತದೆ. ಅದು ಕಲ್ಲು ಕಾಣುವ ತಿಳಿನೀರಿಗೆ. ಗುಡ್ಡದ ಮಣ್ಣು ಹೊತ್ತು ಬಂದ ನೀರಿಗೆ ಅಷ್ಟು ಹೊತ್ತು ಕೊಟ್ಟರೆ ನೊರೆ, ಸುಳಿ, ಅಲೆ ಎಲ್ಲ ಒಂದಾಗಿ ಲೋಟದಲ್ಲಿ ಕೆನೆಗಟ್ಟಿದ ಚಹಾದಂತೆ ಕಾಣುತ್ತದೆ. ಕೆನ್ನೀರಿಗೆ ಕಾಲು ಸೆಕೆಂಡಿನಿಂದ ಎಂಟನೇ ಒಂದು ಸೆಕೆಂಡಿನವರೆಗೆ ಪ್ರಯತ್ನಿಸಿ, ನೊರೆಯ ಎಳೆಗಳು ಉಳಿದು ಹರಿವಿನ ದಿಕ್ಕು ತಿಳಿಯುತ್ತದೆ. ಕಲ್ಲಿಗೆ ಬಡಿದು ಸಿಡಿಯುವ ರಭಸವೇ ಬೇಕಿದ್ದರೆ 500ನೇ ಒಂದು ಸೆಕೆಂಡಿಗಿಂತ ವೇಗವಾಗಿ ಹೋಗಿ. ನಡುವಿನ 60ನೇ ಒಂದು ಸೆಕೆಂಡು ಎರಡೂ ಅಲ್ಲದ, ತಪ್ಪಾಗಿ ಅಲುಗಿದಂತೆ ಕಾಣುವ ನೀರನ್ನು ಕೊಡುತ್ತದೆ. ಅದನ್ನು ಕ್ಯಾಮೆರಾ ದೋಷವೆಂದು ತಿಳಿದವರೇ ಹೆಚ್ಚು.

ಮೂರನೆಯದು ಬೆಳಕಿನ ಮಾಪಕದ ಮೋಸ. ತೊಯ್ದ ಕರಿಬಂಡೆಯನ್ನು ನೋಡಿದ ಕ್ಯಾಮೆರಾ ಅದನ್ನು ಬೂದು ಮಾಡಲು ಹೊರಟು ಇಡೀ ಚಿತ್ರವನ್ನು ಬೆಳಗಿಸುತ್ತದೆ, ನೊರೆ ಸುಣ್ಣವಾಗುತ್ತದೆ. ಕಾರ್ಮೋಡವೂ ಹೀಗೆಯೇ ಹತ್ತಿಯಂತಾಗುತ್ತದೆ. ಒಡ್ಡಿಕೆಯನ್ನು ಮೂರನೇ ಎರಡು ಹೆಜ್ಜೆಯಿಂದ ಒಂದು ಹೆಜ್ಜೆಯವರೆಗೆ (ಒಂದು ಹೆಜ್ಜೆ ಇಳಿಸಿದರೆ ಬೆಳಕು ಅರ್ಧ) ಕಡಿಮೆ ಮಾಡಿ, ಬೆಳಕು-ಕತ್ತಲಿನ ಹಂಚಿಕೆ ತೋರಿಸುವ ನಕ್ಷೆಯಾದ ಹಿಸ್ಟೊಗ್ರಾಮಿನ ಬಲತುದಿ ಗೋಡೆಗೆ ಗುದ್ದದಂತೆ ನೋಡಿಕೊಳ್ಳಿ. ಮಬ್ಬು ಬೆಳಕಿನಲ್ಲಿ ಪರದೆ ಹೊಳೆಯುತ್ತಿರುವುದರಿಂದ ಕಣ್ಣಳತೆಯನ್ನು ನಂಬಬೇಡಿ.

ತೊಯ್ದ ಎಲೆ, ಕಲ್ಲುಗಳ ಮೇಲಿನ ಬಿಳಿ ಹೊಳಪಿಗೆ ಪೋಲರೈಸರ್, ಅಂದರೆ ಪ್ರತಿಫಲನ ತಡೆಯುವ, ತಿರುಗಿಸಬಲ್ಲ ಫಿಲ್ಟರ್, ಒಂದೇ ಮದ್ದು. ಹಸಿರು ಸಪ್ಪೆಯಾಗಿದೆ ಎಂದು ಬಣ್ಣ ಏರಿಸುವವರು ನಿಜಕ್ಕೂ ನೋಡುತ್ತಿರುವುದು ಎಲೆಯ ಮೇಲೆ ಬಿದ್ದ ಆಕಾಶದ ಪ್ರತಿಬಿಂಬವನ್ನು. ನೀರಿನ ಮೇಲ್ಮೈಯಿಂದ ಸುಮಾರು 37 ಡಿಗ್ರಿ ಮೇಲಿನಿಂದ ನೋಡಿದಾಗ ಹೊಳಪು ಹೆಚ್ಚು ಕಳೆಯುತ್ತದೆ. ದಂಡೆಯಲ್ಲಿ ತೀರಾ ತಗ್ಗಿ ಕೂತರೆ ಅಥವಾ ಸೇತುವೆಯಿಂದ ನೇರ ಕೆಳಗೆ ನೋಡಿದರೆ ಫಿಲ್ಟರ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಆಗ ಫಿಲ್ಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಒಂದೂವರೆಯಿಂದ ಎರಡು ಹೆಜ್ಜೆ ಬೆಳಕನ್ನೂ ಅದು ನುಂಗುತ್ತದೆ, ನಿಧಾನ ಷಟರ್ ಬೇಕಾದವರಿಗೆ ಅದೂ ಲಾಭವೇ.

ಆದರೆ ಇದೇ ಫಿಲ್ಟರಿನಿಂದ ಒಮ್ಮೆ ಕೋಟೆಯ ಮೇಲಿಂದ ಕಾಮನಬಿಲ್ಲನ್ನು ಕಳೆದುಕೊಂಡೆ. ಸಂಜೆ, ಪಡುವಣದಲ್ಲಿ ಬಿಸಿಲು, ಮೂಡಣದಲ್ಲಿ ಇನ್ನೂ ಮಳೆ, ಊರಿನ ಮೇಲೆ ತುಂಬು ಬಿಲ್ಲು. ಚಿತ್ರದಲ್ಲಿ ಮೋಡ ಮಾತ್ರ. ಕಾಮನಬಿಲ್ಲಿನ ಬೆಳಕು ಬಹುಪಾಲು ಧ್ರುವೀಕರಣಗೊಂಡಿರುತ್ತದೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿರುತ್ತದೆ, ಪೋಲರೈಸರ್ ತಪ್ಪು ಕೋನದಲ್ಲಿದ್ದರೆ ಬಿಲ್ಲನ್ನೇ ಅಳಿಸಿಬಿಡುತ್ತದೆ. ಕಾಲು ಸುತ್ತು ತಿರುಗಿಸಿದ್ದರೆ ಮೊದಲಿಗಿಂತ ಗಾಢವಾಗಿ ಬರುತ್ತಿತ್ತು. ನನಗೆ ಅದು ಹೊಳೆಯುವ ಹೊತ್ತಿಗೆ ಸೂರ್ಯ ಮುಳುಗಿದ್ದ.

ಸಿಡಿಲು ಸಿಗುವುದಿಲ್ಲ

ಮಿಂಚು ಕಂಡ ಮೇಲೆ ಗುಂಡಿ ಒತ್ತಿದರೆ ಸಿಗುವುದಿಲ್ಲ, ಅಷ್ಟೇ ದೋಷ. ಕತ್ತಲಾದ ಮೇಲೆ ಟ್ರೈಪಾಡಿನಲ್ಲಿಟ್ಟು 10ರಿಂದ 20 ಸೆಕೆಂಡಿನ ಒಡ್ಡಿಕೆಯನ್ನು ಒಂದರ ಹಿಂದೊಂದು ಬಿಡದೆ ಕೊಡುತ್ತ ಹೋಗಿ, ಬೆಳಕಿನ ಸೂಕ್ಷ್ಮತೆ ಐಎಸ್ಒ 100, ಎಫ್ 8. ಮಿಂಚಿನ ಗೆರೆ ಸುಟ್ಟು ದಪ್ಪ ಬಿಳಿ ಪಟ್ಟಿಯಾದರೆ ಎಫ್ 11ಕ್ಕೆ ಹೋಗಿ. ಷಟರ್ ಸಮಯ ಬದಲಿಸಿದರೆ ಊರ ದೀಪಗಳ ಬೆಳಕು ಬದಲಾಗುತ್ತದೆಯೇ ಹೊರತು ಮಿಂಚಿನದಲ್ಲ, ಅದು ಬಂದು ಹೋಗುವುದೇ ಕಣ್ಣೆವೆ ಇಕ್ಕುವಷ್ಟರೊಳಗೆ.

ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. 30 ಎಣಿಸುವುದರೊಳಗೆ ಕೇಳಿಸಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ, ಒಳಗೆ ಹೋಗಿ, ಕೊನೆಯ ಗುಡುಗಿನಿಂದ 30 ನಿಮಿಷ ಹೊರಗೆ ಬರಬೇಡಿ. ಕೋಟೆಯ ಬಂಡೆಗಳ ನೆತ್ತಿ, ಕೆರೆಯ ಏರಿ, ಒಂಟಿ ಮರ ಇವು ಮೂರೂ ಆ ಹೊತ್ತಿಗೆ ಹೇಳಿ ಮಾಡಿಸಿದ ಅಪಾಯ, ಅದರ ಮೇಲೆ ಕೈಯಲ್ಲಿ ಲೋಹದ ಮೂರು ಕಾಲು ಬೇರೆ. ಪುಣೆಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಹತ್ತಿರದ ಸಿಡಿಲನ್ನು ತೋರಿಸುತ್ತದೆ, ನಾನು ಕಿಟಕಿಯೊಳಗಿಂದಲೇ ತೆಗೆಯುತ್ತೇನೆ. ಹಳ್ಳದ ವಿಷಯವೂ ಹೀಗೆಯೇ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಗುಡ್ಡದಲ್ಲಿ ಸುರಿದದ್ದು ತಡವಾಗಿ ಬರುತ್ತದೆ. ನೀರಿನ ಬಣ್ಣ ಇದ್ದಕ್ಕಿದ್ದಂತೆ ಗಾಢವಾದರೆ, ಕಡ್ಡಿ ಕಸ ತೇಲಿ ಬರತೊಡಗಿದರೆ ಟ್ರೈಪಾಡ್ ಬಿಟ್ಟಾದರೂ ದಂಡೆ ಹತ್ತಿ.

ಮೊಬೈಲಿನವರಿಗೆ

ಕುಂದವಾಡ ಕೆರೆಯ ದಾರಿಯಲ್ಲಿ ಬೆಳಗಿನ ವಾಯುವಿಹಾರಿಗಳು ತೆಗೆಯುವ ಮಳೆಯ ಚಿತ್ರಗಳಲ್ಲಿ ಎರಡು ದೋಷ ಪದೇಪದೇ ಕಾಣುತ್ತವೆ. ದೀಪಗಳಿಂದ ಉದ್ದನೆಯ ಬೆಳಕಿನ ಗೆರೆ ಎಳೆದಿದ್ದರೆ ಅದು ಬೆರಳಿನ ಜಿಡ್ಡು ಮತ್ತು ನೀರು ಸೇರಿದ ಪೊರೆ. ಅಂಗಿಯ ತುದಿಯಿಂದ ಒರೆಸಿದರೆ ಜಿಡ್ಡು ಹರಡುತ್ತದಷ್ಟೇ. ಕನ್ನಡಕದ ಬಟ್ಟೆ ಬಳಸಿ. ಗಾಳಿಗೆ ಓಲಾಡುವ ಕೊಂಬೆ ಎರಡೆರಡಾಗಿ, ದೆವ್ವದಂತೆ ಕಂಡರೆ ಅದು ಎಚ್‌ಡಿಆರ್ ಅಥವಾ ರಾತ್ರಿ ಮೋಡ್‌ನ ಕರಾಮತ್ತು: ಮೊಬೈಲು ಹಲವು ಚಿತ್ರಗಳನ್ನು ಒಂದಾಗಿ ಹೊಲಿಯುತ್ತದೆ, ಅಷ್ಟರಲ್ಲಿ ಕೊಂಬೆ ಸರಿದಿರುತ್ತದೆ. ಗಾಳಿಯಿದ್ದರೆ ಅದನ್ನು ಆರಿಸಿ. ತೊಯ್ದ ಪರದೆ ಬೆರಳನ್ನು ಗುರುತಿಸದಿದ್ದರೆ ಧ್ವನಿಯ ಗುಂಡಿಯಿಂದ ಚಿತ್ರ ತೆಗೆಯಿರಿ. ಚಾರ್ಜಿಂಗ್ ಕಿಂಡಿಯಲ್ಲಿ ತೇವವಿದೆ ಎಂಬ ಎಚ್ಚರಿಕೆ ಬಂದರೆ ಕಿಂಡಿಯನ್ನು ಕೆಳಮುಖ ಮಾಡಿ ಗಾಳಿಗೆ ಬಿಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ. ನೀರು ನಿರೋಧಕ ಎಂಬ ಮುದ್ರೆ ಹೊಸ ಮೊಬೈಲಿಗೆ, ನಿಂತ ಸಿಹಿನೀರಿನಲ್ಲಿ ಮಾಡಿದ ಪರೀಕ್ಷೆ. ಎರಡು ವರ್ಷ ಹಳೆಯದಾಗಿ ನಾಲ್ಕು ಸಲ ಬಿದ್ದದ್ದಕ್ಕೂ ಅದೇ ಭರವಸೆಯಿಲ್ಲ.

ಬಿದ್ದೇ ಹೋದರೆ

ಕ್ಯಾಮೆರಾ ಹಳ್ಳಕ್ಕೆ ಬಿದ್ದರೆ ಕೆಲಸ ಮಾಡುತ್ತದೆಯೇ ಎಂದು ಆನ್ ಮಾಡಿ ನೋಡುವುದೇ ಅದನ್ನು ಕೊಲ್ಲುವ ಅತಿ ಖಚಿತ ವಿಧಾನ. ಮೊದಲು ಬ್ಯಾಟರಿ ತೆಗೆಯಿರಿ, ಆಮೇಲೆ ಕಾರ್ಡು, ಆಮೇಲೆ ಲೆನ್ಸು. ಮೇಲಿನ ಕೆಸರನ್ನು ಒಣಗುವ ಮೊದಲೇ, ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ತೆಗೆದುಬಿಡಿ. ನಮ್ಮ ಹಳ್ಳಗಳ ನೀರಿನಲ್ಲಿ ನುಣ್ಣನೆಯ ಮರಳಿರುತ್ತದೆ. ಅದು ಜೂಮ್ ಬಳೆಯ ಸಂದಿನಲ್ಲಿ ಒಣಗಿದರೆ ತಿರುಗಿಸುವಾಗ ಕರಕರ ಸದ್ದು ಬರುತ್ತದೆ. ಸದ್ದು ಬಂದ ಮೇಲೆ ಬಲವಂತವಾಗಿ ತಿರುಗಿಸಬೇಡಿ, ಬಿಚ್ಚಿ ತೆಗೆಯುವ ಕೆಲಸ ಅದು, ಇದಕ್ಕೆ ಮಾತ್ರ ರಿಪೇರಿ ಅಂಗಡಿಗೆ ಹೋಗಲೇಬೇಕು. ಎಲ್ಲ ಬಾಗಿಲುಗಳನ್ನೂ ತೆರೆದು ಮೊದಲು ಫ್ಯಾನಿನ ಗಾಳಿಗೆ ಒಂದು ದಿನ, ನಂತರ ಸಿಲಿಕಾ ಜೆಲ್ ಡಬ್ಬಿಯಲ್ಲಿ ಕನಿಷ್ಠ ಎರಡು ದಿನ ಇಡಿ. ಎರಡನೆಯ ದಿನ ಸಂಜೆ, ಹೊರಗೆ ಒಣಗಿದಂತೆ ಕಾಣುತ್ತದೆ, ಒಂದೇ ಒಂದು ಸಲ ಆನ್ ಮಾಡಿ ನೋಡೋಣ ಎನಿಸುತ್ತದೆ. ಆದ್ದರಿಂದ ಬ್ಯಾಟರಿಯನ್ನು ಮೊದಲ ದಿನವೇ ಮನೆಯವರ ಕೈಗೆ ಕೊಟ್ಟು, ಎಲ್ಲಿಟ್ಟಿದ್ದಾರೆಂದು ಹೇಳಬಾರದೆಂದು ಮಾತು ತೆಗೆದುಕೊಳ್ಳಿ.